ಗೋಲ್‌ಪೋಸ್ಟ್‌ನಿಂದ ಗಲ್ಲಾಪೆಟ್ಟಿಗೆಗೆ

ಭಾನುವಾರ ಬೆಳಿಗ್ಗೆ ಹೈದರಾಬಾದಿನ ಅಬಿಡ್ಸ್‌ಗೆ ಹೋದರೆ ಅಂಗಡಿಗಳ ಷಟರ್ ಇಳಿದಿರುತ್ತವೆ, ವ್ಯಾಪಾರವೆಲ್ಲ ಫುಟ್‌ಪಾತಿನ ಮೇಲೆ. ಷಟರ್‌ಗೆ ಬೆನ್ನು ಕೊಟ್ಟು, ನೆಲಕ್ಕೆ ಹಾಳೆ ಹಾಸಿ, ಹಳೆ ಪುಸ್ತಕದವರು ಕೂತಿರುತ್ತಾರೆ. ಎಂಜಿನಿಯರಿಂಗ್ ಗೈಡು, ಉರ್ದು ಕಾದಂಬರಿ, ಮೂಲೆ ಮಡಚಿದ ಇಂಗ್ಲಿಷ್ ಪತ್ತೇದಾರಿ ಕಥೆ, ಇವುಗಳ ನಡುವೆ ಆಟಗಾರರ ಆತ್ಮಕಥೆಗಳದ್ದೊಂದು ಗುಡ್ಡೆ. ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಬರಬಹುದಾದ ದೂರ. ಕಲಬುರಗಿ ಕಡೆಯಿಂದ ಬರುವ ನಮ್ಮಂಥವರಿಗೆ ತಾಜ್‌ಮಹಲ್ ಹೋಟೆಲಿನ ಇಡ್ಲಿ ಮುಗಿಸಿ ಈ ಸಾಲನ್ನು ಒಂದು ಸುತ್ತು ಹಾಕುವುದು ಹಳೆಯ ಚಟ.

ಆ ಆತ್ಮಕಥೆಗಳನ್ನು ಕೈಗೆತ್ತಿಕೊಂಡು ಹಿಂದಿನಿಂದ ಪುಟ ತಿರುವಿ ನೋಡಿ. ಬಹುತೇಕ ಎಲ್ಲವೂ ಒಂದೇ ಜಾಗದಲ್ಲಿ ಮುಗಿಯುತ್ತವೆ: ವಿದಾಯದ ಪಂದ್ಯ, ಕಣ್ಣೀರು, ಮೈದಾನಕ್ಕೆ ಒಂದು ಸುತ್ತು. ಮೂವತ್ತೈದಕ್ಕೇ ಬದುಕು ಮುಗಿದುಹೋದಂತೆ. ಅಲ್ಲಿಂದಾಚೆ ಇನ್ನೂ ನಲವತ್ತು ವರ್ಷ ಇರುತ್ತದಲ್ಲ, ಅದರ ಕಥೆ ಬೇರೆ. ಕೆಲವರು ಕೋಚ್ ಆಗುತ್ತಾರೆ, ಕೆಲವರು ಟಿವಿಯಲ್ಲಿ ಕೂತು ಮಾತಾಡುತ್ತಾರೆ, ಹೋಟೆಲು ತೆರೆದು ಕೈ ಸುಟ್ಟುಕೊಳ್ಳುವವರೂ ಇದ್ದಾರೆ. ಈಚಿನ ವರ್ಷಗಳಲ್ಲಿ ಇನ್ನೊಂದು ದಾರಿ ತೆರೆದಿದೆ. ತಾವು ಆಡಿ ಗೆಲ್ಲಿಸಿದ ಕ್ಲಬ್ಬಿನವರೇ ಬಂದು, ಇನ್ನು ಮೇಲೆ ನೀವೇ ನಡೆಸಿ ಎಂದು ಕಚೇರಿಯ ಬೀಗದ ಕೈ ಕೊಡುವುದು. ಮುಖ್ಯ ಕಾರ್ಯನಿರ್ವಹಣಾಧಿಕಾರಿ, ಸಿಇಒ.

ಕ್ಲಬ್ಬಿನಲ್ಲಿ ಮೂರು ಕುರ್ಚಿಗಳಿವೆ, ಜನ ಮೂರನ್ನೂ ಕಲಸಿ ಒಂದು ಮಾಡುತ್ತಾರೆ. ಯಾರು ಆಡಬೇಕು, ಯಾರು ಬೆಂಚಿನ ಮೇಲೆ ಕೂರಬೇಕು ಎನ್ನುವುದು ಕೋಚ್‌ಗೆ ಬಿಟ್ಟ ಮಾತು. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಐದು ವರ್ಷದ ನಂತರದ ತಂಡಕ್ಕೆ ಈಗ ಯಾವ ಹುಡುಗರನ್ನು ತಯಾರು ಮಾಡಬೇಕು ಎಂದು ನೋಡುವವರು ಫುಟ್‌ಬಾಲ್ ನಿರ್ದೇಶಕರು. ಬೆಂಗಳೂರು ಎಫ್‌ಸಿಗೆ ಆಡಿದ್ದ ಡ್ಯಾರೆನ್ ಕಾಲ್ಡೇರಾ ಬೂಟು ಕಳಚಿದ ಮೇಲೆ ಅದೇ ಕ್ಲಬ್ಬಿನಲ್ಲಿ ಹಿಡಿದದ್ದು ಈ ಕುರ್ಚಿಯನ್ನು. ಇವೆರಡೂ ಆಟಕ್ಕೆ ಹತ್ತಿರದ ಕೆಲಸಗಳು, ಹಳೆಯ ಆಟಗಾರನಿಗೆ ಒಗ್ಗುವಂಥವು. ಮೂರನೆಯದು ಸಿಇಒ ಕುರ್ಚಿ. ಅಲ್ಲಿಂದ ಮೈದಾನ ಕಿಟಕಿಯಲ್ಲಷ್ಟೇ ಕಾಣುತ್ತದೆ. ಪ್ರಾಯೋಜಕರ ಜೊತೆ ಚೌಕಾಸಿ, ಟಿವಿ ಹಣದ ಲೆಕ್ಕ, ಏಷ್ಯಾ ಒಕ್ಕೂಟದ ಲೈಸೆನ್ಸಿಗೆ ಕಾಗದಪತ್ರ, ಪೊಲೀಸ್ ಬಂದೋಬಸ್ತ್, ತಂಡದ ವಿಮಾನದ ಟಿಕೆಟ್ಟು, ಹುಲ್ಲು ಕತ್ತರಿಸುವವನ ಕೂಲಿ, ತೆರಿಗೆ, ಕೋರ್ಟು, ಮಾಲೀಕರ ಸಿಟ್ಟು, ಅಭಿಮಾನಿಗಳ ಬೈಗುಳ. ಮದುವೆ ಮನೆಗೆ ಹೋಲಿಸುವುದಾದರೆ ಆಟಗಾರ ಮದುಮಗ, ಕೋಚ್ ಪುರೋಹಿತ, ಸಿಇಒ ಉಗ್ರಾಣದ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡವನು. ಊಟ ಚೆನ್ನಾಗಿದ್ದರೆ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಎರಡನೇ ಪಂಕ್ತಿಗೆ ಅನ್ನ ಸಾಲದೆ ಬಂದಾಗ ಎಲ್ಲರೂ ಹುಡುಕುವುದು ಅವನನ್ನೇ.

ಹಾಗಿದ್ದ ಮೇಲೆ ಮದುಮಗನನ್ನೇ ಏಕೆ ಉಗ್ರಾಣಕ್ಕೆ ಕೂರಿಸಬೇಕು? ಮಾಲೀಕರ ಉತ್ತರ ಸರಳ. ಹೆಸರಿರುವವನು ಫೋನ್ ಮಾಡಿದರೆ ಕಂಪನಿಯವರು ಎತ್ತುತ್ತಾರೆ, ಡ್ರೆಸಿಂಗ್ ರೂಮಿನಲ್ಲಿ ಅವನ ಮಾತಿಗೆ ತೂಕವಿದೆ. ತಂಡ ಸತತ ನಾಲ್ಕು ಪಂದ್ಯ ಸೋತಾಗ ಗ್ಯಾಲರಿಯ ಕೂಗು ಮಾಲೀಕನ ಮೇಲೆ ಬೀಳುವ ಮೊದಲು ಆ ಮುಖ ನೋಡಿ ತುಸು ತಣ್ಣಗಾಗುತ್ತದೆ. ಈ ಕೊನೆಯ ಕಾರಣವನ್ನು ಯಾವ ಪತ್ರಿಕಾಗೋಷ್ಠಿಯಲ್ಲೂ ಹೇಳುವುದಿಲ್ಲ. ನನ್ನ ಅನುಮಾನ, ಅನೇಕ ನೇಮಕಗಳ ಹಿಂದಿರುವುದು ಇದೊಂದೇ.

ಈ ಪ್ರಯೋಗವನ್ನು ಹಟ ಹಿಡಿದು ಮಾಡಿದ್ದು ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್. 2010ರ ಸೆಪ್ಟೆಂಬರಿನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 0–2ರಿಂದ ಸೋತ ಮೇಲೆ ಆ ಕ್ಲಬ್ಬಿನ ಮಹಾ ಆಟಗಾರ ಯೊಹಾನ್ ಕ್ರೈಫ್ ತಮ್ಮ ಪತ್ರಿಕಾ ಅಂಕಣದಲ್ಲಿ ಸಿಡಿದರು. ಇದು ಅಯಾಕ್ಸೇ ಅಲ್ಲ, ಫುಟ್‌ಬಾಲ್ ಕ್ಲಬ್ಬನ್ನು ಫುಟ್‌ಬಾಲ್ ಆಡಿದವರು ನಡೆಸಬೇಕು ಎನ್ನುವುದು ಅವರ ವಾದ. ಅಯಾಕ್ಸ್ 1998ರಿಂದ ಷೇರುಪೇಟೆಯಲ್ಲಿರುವ ಕಂಪನಿ; ಅದರ ಮೇಲ್ವಿಚಾರಣಾ ಮಂಡಳಿಗೆ ಕ್ರೈಫ್ ಅವರೇ ಸೇರಿದರು. ಮುಂದಿನದು ನಮ್ಮ ಸಹಕಾರಿ ಸಂಘಗಳ ಸರ್ವಸದಸ್ಯರ ಸಭೆಗೆ ಏನೂ ಕಡಿಮೆಯಿರಲಿಲ್ಲ. 2011ರ ನವೆಂಬರಿನಲ್ಲಿ ಉಳಿದ ನಾಲ್ವರು ಸದಸ್ಯರು ಕ್ರೈಫ್‌ಗೆ ತಿಳಿಸದೆ, ಅವರಿಗೆ ಹಿಂದಿನಿಂದ ಆಗದ ಲೂಯಿ ವಾನ್ ಗಾಲ್ ಅವರನ್ನು ಆಡಳಿತದ ಮುಖ್ಯಸ್ಥರನ್ನಾಗಿ ಆರಿಸಿಬಿಟ್ಟರು. ವಿಷಯ ಕೋರ್ಟಿಗೆ ಹೋಗಿ ನೇಮಕ ಬಿದ್ದುಹೋಯಿತು. ಧೂಳು ಅಡಗಿದ ಮೇಲೆ, 2012ರಲ್ಲಿ, ಕ್ಲಬ್ಬಿನ ಕಚೇರಿಗೆ ಒಬ್ಬ ಎತ್ತರದ ಗೋಲ್‌ಕೀಪರ್ ಬಂದರು. ಎಡ್ವಿನ್ ವಾನ್ ಡರ್ ಸಾರ್.

1995ರಲ್ಲಿ ಅಯಾಕ್ಸ್‌ಗೆ ಚಾಂಪಿಯನ್ಸ್ ಲೀಗ್, 2008ರಲ್ಲಿ ಮಾಸ್ಕೊದ ಮಳೆಯಲ್ಲಿ ಅನೆಲ್ಕಾ ಹೊಡೆದ ಪೆನಾಲ್ಟಿ ತಡೆದು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಅದೇ ಕಪ್, ಹಾಲೆಂಡ್ ಪರ 130 ಪಂದ್ಯ. ಇಷ್ಟೆಲ್ಲ ಹೆಸರಿದ್ದೂ ಅವರು ನೇರವಾಗಿ ದೊಡ್ಡ ಕುರ್ಚಿಯಲ್ಲಿ ಕೂರಲಿಲ್ಲ. ಮಾರ್ಕೆಟಿಂಗ್ ನಿರ್ದೇಶಕರಾಗಿ ಸೇರಿ ಜರ್ಸಿ, ಜಾಹೀರಾತು, ಪ್ರಾಯೋಜಕರ ಪಟ್ಟಿ ಹಿಡಿದು ನಾಲ್ಕು ವರ್ಷ ಕಳೆದರು. ಕ್ರೀಡಾ ಆಡಳಿತವನ್ನು ತರಗತಿಯಲ್ಲಿ ಕೂತು ಓದಿದರು. ಸಿಇಒ ಆದದ್ದು 2016ರ ನವೆಂಬರಿನಲ್ಲಿ. ಅದೇ ವರ್ಷ ಮಾರ್ಚಿನಲ್ಲಿ, ತಾವು ಬಾಲ್ಯದಲ್ಲಿ ಆಡಿದ್ದ ನೋರ್ಡ್‌ವೈಕ್ ಎಂಬ ಹವ್ಯಾಸಿ ಕ್ಲಬ್ಬಿನ ಕೀಪರ್‌ಗಳಿಗೆ ಗಾಯವಾಯಿತೆಂದು, ನಲವತ್ತೈದರ ವಯಸ್ಸಿನಲ್ಲಿ ಗ್ಲೌಸು ತೊಟ್ಟು ಒಂದು ಪಂದ್ಯಕ್ಕೆ ಇಳಿದು ಪೆನಾಲ್ಟಿಯನ್ನೂ ತಡೆದಿದ್ದರು. ಸೋಮವಾರ ಮತ್ತೆ ಕಚೇರಿ.

ಅವರ ಕಾಲದ ಲೆಕ್ಕದ ಪುಸ್ತಕ ಚೆನ್ನಾಗಿತ್ತು. 2017ರಲ್ಲಿ ಯುರೋಪಾ ಲೀಗ್ ಫೈನಲ್. 2019ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಅದರಲ್ಲಿ ಟಾಟೆನ್‌ಹ್ಯಾಮಿನ ಲೂಕಾಸ್ ಮೌರಾ ಕೊನೆಯ ಉಸಿರಿನಲ್ಲಿ ಗೋಲು ಹೊಡೆಯದಿದ್ದರೆ ಫೈನಲ್ಲೇ. ಆ ತಂಡದ ಹುಡುಗರಾದ ಡಿ ಯಾಂಗ್ ಮತ್ತು ಡಿ ಲಿಖ್ಟ್ ತಲಾ 7.5 ಕೋಟಿ ಯೂರೊದ ಆಸುಪಾಸಿನಲ್ಲಿ ಮಾರಾಟವಾದರು. 2019, 2021, 2022ರಲ್ಲಿ ಲೀಗ್ ಕಿರೀಟ. ಕೋವಿಡ್ ಕಾಲದಲ್ಲಿ ಖಾಲಿ ಗ್ಯಾಲರಿಯ ಎದುರು ಗೆದ್ದ 2021ರ ಲೀಗ್ ಟ್ರೋಫಿಯನ್ನು ಕರಗಿಸಿ, ಪುಟ್ಟ ನಕ್ಷತ್ರಗಳನ್ನಾಗಿ ಎರಕ ಹೊಯ್ಯಿಸಿ, ಋತುವಿನ ಟಿಕೆಟ್ ಇದ್ದ ಸುಮಾರು 42,000 ಮಂದಿಯ ಮನೆಗೆ ಅಂಚೆಯಲ್ಲಿ ಕಳಿಸಿದರು. ಪ್ರಸಾದ ಹಂಚಿದ ಹಾಗೆ. ಮಾರ್ಕೆಟಿಂಗ್ ವಿಭಾಗದಲ್ಲಿ ಕಳೆದ ನಾಲ್ಕು ವರ್ಷ ದಂಡವಾಗಿರಲಿಲ್ಲ.

ಆದರೆ ವಾನ್ ಡರ್ ಸಾರ್ ಅವರ ನಿಜವಾದ ಪರೀಕ್ಷೆ ಟ್ರೋಫಿಯದ್ದಾಗಿರಲಿಲ್ಲ. 2017ರ ಜುಲೈನಲ್ಲಿ ಆಸ್ಟ್ರಿಯಾದಲ್ಲಿ ನಡೆದ ಸೌಹಾರ್ದ ಪಂದ್ಯವೊಂದರಲ್ಲಿ ಇಪ್ಪತ್ತು ವರ್ಷದ ಅಬ್ದೆಲ್‌ಹಕ್ ನೂರಿ ಮೈದಾನದಲ್ಲೇ ಕುಸಿದುಬಿದ್ದ. ಜೀವ ಉಳಿಯಿತು, ಮಿದುಳಿಗೆ ಸರಿಪಡಿಸಲಾಗದ ಹಾನಿಯಾಯಿತು. ಕ್ಲಬ್ ಮೊದಲು ತನ್ನ ವೈದ್ಯರನ್ನು ಸಮರ್ಥಿಸಿಕೊಂಡಿತು. ಒಂದು ವರ್ಷದ ಬಳಿಕ, 2018ರ ಜೂನಿನಲ್ಲಿ, ಸಿಇಒ ಬಹಿರಂಗವಾಗಿ ಬಂದು ಮೈದಾನದಲ್ಲಿ ಕೊಟ್ಟ ಚಿಕಿತ್ಸೆ ಸಾಲದಾಗಿತ್ತು, ಹೊಣೆ ನಮ್ಮದು ಎಂದು ಒಪ್ಪಿಕೊಂಡರು. 2022ರಲ್ಲಿ ಕುಟುಂಬಕ್ಕೆ 78.5 ಲಕ್ಷ ಯೂರೊ ಪರಿಹಾರದ ಒಪ್ಪಂದವಾಯಿತು. ತಪ್ಪೊಪ್ಪಿಗೆ ತಡವಾಗಿ ಬಂತು, ಹೌದು. ಆದರೂ ವಕೀಲರ ಕಾಗದದ ಹಿಂದೆ ಅಡಗದೆ ಅಷ್ಟು ಮಾತನ್ನು ಬಾಯಿಬಿಟ್ಟು ಹೇಳುವುದು ಆ ಕುರ್ಚಿಯಲ್ಲಿ ಕೂತವರಿಗೆ ಅಪರೂಪ.

ಅದೇ ಮನುಷ್ಯ ಇನ್ನೊಂದು ಕಡೆ ಎಡವಿದರು. ಫುಟ್‌ಬಾಲ್ ನಿರ್ದೇಶಕರಾಗಿದ್ದವರು ಅವರ ಜೊತೆಯಲ್ಲೇ ಆಡಿದ್ದ ಮಾರ್ಕ್ ಓವರ್‌ಮಾರ್ಸ್. ಮಹಿಳಾ ಸಹೋದ್ಯೋಗಿಗಳಿಗೆ ಅಸಭ್ಯ ಸಂದೇಶ ಕಳಿಸುತ್ತಿದ್ದದ್ದು ಬಯಲಾಗಿ 2022ರ ಫೆಬ್ರುವರಿಯಲ್ಲಿ ಅವರು ಹೋಗಬೇಕಾಯಿತು. ಪಕ್ಕದ ಕೋಣೆಯಲ್ಲಿ ನಡೆದದ್ದು ನಿಮಗೆ ಕಾಣಲಿಲ್ಲವೇ ಎಂಬ ಪ್ರಶ್ನೆ ಸಿಇಒ ಬೆನ್ನು ಹತ್ತಿತು. ಹಳೆಯ ಗೆಳೆಯರೇ ಕೂಡಿ ಸಂಸ್ಥೆ ನಡೆಸುವಾಗ ಬರುವ ತೊಂದರೆ ಇದು. ಗೆಳೆತನಕ್ಕೆ ಲೆಕ್ಕಪರಿಶೋಧಕ ಇರುವುದಿಲ್ಲ. ಕೋಚ್ ಟೆನ್ ಹಾಗ್ ಕೂಡ ಮ್ಯಾಂಚೆಸ್ಟರಿಗೆ ಹೊರಟುಹೋದರು, ತಂಡ ಮೂರನೇ ಸ್ಥಾನಕ್ಕೆ ಇಳಿಯಿತು, 2023ರ ಮೇ ಕೊನೆಗೆ ವಾನ್ ಡರ್ ಸಾರ್ ರಾಜೀನಾಮೆ ಕೊಟ್ಟರು. ಅದೇ ವರ್ಷ ಜುಲೈನಲ್ಲಿ ಮಿದುಳಿನ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದರು, ಪುಣ್ಯಕ್ಕೆ ಚೇತರಿಸಿಕೊಂಡರು. ಮುಂದೆ, 2024ರ ಮಾರ್ಚಿನಲ್ಲಿ ಅದೇ ಕುರ್ಚಿಗೆ ಬಂದ ಅಲೆಕ್ಸ್ ಕ್ರೂಸ್ ತಾರೆಯೇನಲ್ಲ. ತಮ್ಮ ನೇಮಕದ ಸುದ್ದಿ ಹೊರಬೀಳುವ ವಾರದ ಮೊದಲು ಅವರು ಕ್ಲಬ್ಬಿನ 17,000 ಷೇರು ಕೊಂಡಿದ್ದು ಗೊತ್ತಾಗಿ ಮೂರೇ ವಾರದೊಳಗೆ ಅಮಾನತಾದರು. ಆಟ ಬಲ್ಲವರಾದರೆ ಸಾಲದು ಎಂದು ವಾದಿಸುವವರು, ಷೇರುಪೇಟೆ ಬಲ್ಲವರಾದರೂ ಸಾಲದು ಎಂಬುದನ್ನೂ ಸೇರಿಸಿಕೊಳ್ಳಬಹುದು.

ಮ್ಯೂನಿಕ್‌ನ ಬೈಯರ್ನ್ ಕಥೆ ಇದಕ್ಕಿಂತ ಹಳೆಯದು. ಮೊಣಕಾಲು ಕೈಕೊಟ್ಟು ಆಟ ನಿಂತ ಊಲಿ ಹೋನೆಸ್ 1979ರಲ್ಲಿ, ಇಪ್ಪತ್ತೇಳನೇ ವಯಸ್ಸಿಗೆ, ಅಲ್ಲಿ ಮ್ಯಾನೇಜರ್ ಆದರು. ಕ್ಲಬ್ ಆಗ ಸಾಲದಲ್ಲಿತ್ತು. 1984ರಲ್ಲಿ ತಮ್ಮ ಜೊತೆಗೇ ಆಡಿದ್ದ ಕಾರ್ಲ್-ಹೈನ್ಸ್ ರುಮೆನಿಗೆ ಅವರನ್ನು ಇಂಟರ್ ಮಿಲಾನಿಗೆ ದೊಡ್ಡ ಮೊತ್ತಕ್ಕೆ ಮಾರಿ ಆ ಸಾಲ ಹರಿದರು. ಹಾಗೆ ಮಾರಾಟವಾದ ರುಮೆನಿಗೆಯೇ 2002ರಿಂದ 2021ರವರೆಗೆ ಬೈಯರ್ನ್ ಕಂಪನಿಯ ಮುಖ್ಯಸ್ಥರಾಗಿದ್ದರು! ಫುಟ್‌ಬಾಲಿಗೆ ಬರುವ ಮೊದಲು ರುಮೆನಿಗೆ ಬ್ಯಾಂಕಿನಲ್ಲಿ ಕೆಲಸ ಕಲಿತವರು. ಹೋನೆಸ್ ಸಾಸೇಜ್ ಕಾರ್ಖಾನೆ ಕಟ್ಟಿದವರು. ಇಬ್ಬರಿಗೂ ಗಲ್ಲಾಪೆಟ್ಟಿಗೆಯ ಸದ್ದು ಗೊತ್ತಿತ್ತು. ಹೋನೆಸ್‌ಗೆ ಅದು ತುಸು ಹೆಚ್ಚೇ ಗೊತ್ತಿತ್ತೇನೋ, ಸ್ವಂತ ತೆರಿಗೆ ವಂಚನೆಗಾಗಿ 2014ರಲ್ಲಿ ಮೂರೂವರೆ ವರ್ಷದ ಶಿಕ್ಷೆಯಾಯಿತು. ರುಮೆನಿಗೆ ಆದ ಮೇಲೆ ಬಂದವರು ಒಲಿವರ್ ಕಾನ್. ಇವರೂ ಗೋಲ್‌ಕೀಪರ್, ಜೊತೆಗೆ ಎಂಬಿಎ. 2021ರ ಜುಲೈನಲ್ಲಿ ಕೂತರು, 2023ರ ಮೇ 27ರಂದು ತಂಡ ಕೊನೆಯ ಪಂದ್ಯದ 89ನೇ ನಿಮಿಷದ ಗೋಲಿನಿಂದ ಲೀಗ್ ಗೆದ್ದ ದಿನವೇ ಅವರನ್ನು ತೆಗೆದ ಸುದ್ದಿಯೂ ಬಂತು. ಅವರ ಜಾಗಕ್ಕೆ ಬಂದ ಯಾನ್-ಕ್ರಿಸ್ಟಿಯಾನ್ ಡ್ರೇಸನ್ ಮೂಲತಃ ಬ್ಯಾಂಕಿನವರು.

ಇಲ್ಲಿ ಗೋಲ್‌ಕೀಪರ್‌ಗಳು ಮತ್ತೆ ಮತ್ತೆ ಬರುತ್ತಿರುವುದನ್ನು ನೀವೂ ಗಮನಿಸಿರಬಹುದು. ಇಟಲಿಯ ಡೀನೊ ಝೋಫ್ ಲಾಜಿಯೊ ಕ್ಲಬ್ಬಿನ ಅಧ್ಯಕ್ಷರಾಗಿದ್ದರು. ನಮ್ಮಲ್ಲಿ ಭಾರತದ ಮಾಜಿ ಕೀಪರ್ ಹೆನ್ರಿ ಮೆನೇಜಸ್ ಪಶ್ಚಿಮ ಭಾರತ ಫುಟ್‌ಬಾಲ್ ಸಂಸ್ಥೆಯ ಸಿಇಒ ಆಗಿದ್ದರು. 2022ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೆ ಅಧ್ಯಕ್ಷರಾದ ಕಲ್ಯಾಣ್ ಚೌಬೆಯೂ ಕೀಪರ್. ಇದರ ಮೇಲೊಂದು ಸಿದ್ಧಾಂತ ಕಟ್ಟಬಹುದು: ಇಡೀ ಆಟವನ್ನು ಹಿಂದೆ ನಿಂತು ನೋಡುವವನು, ನೂರು ತಡೆದರೂ ಬಿಟ್ಟ ಒಂದಕ್ಕೆ ಬೈಸಿಕೊಳ್ಳುವವನು, ಇತ್ಯಾದಿ. ನಾನು ಕಟ್ಟುವುದಿಲ್ಲ, ರುಮೆನಿಗೆ, ಹೋನೆಸ್ ಇಬ್ಬರೂ ಮುಂದಿನ ಸಾಲಿನಲ್ಲಿ ಆಡಿದವರು.

ಹೈದರಾಬಾದಿಗೆ ಮರಳೋಣ. ಈ ಊರಿಗೆ ಸಿಇಒ ಎಂಬ ಶಬ್ದ ಬಂದದ್ದು ಮೊನ್ನೆ. ಕೆಲಸ ಮಾತ್ರ ಎಂಬತ್ತು ವರ್ಷದ ಹಿಂದೆಯೇ ನಡೆದಿತ್ತು, ಆ ಹುದ್ದೆಗೆ ಆಗ ಕಾರ್ಯದರ್ಶಿ ಎನ್ನುತ್ತಿದ್ದರು. ಆ ಕುರ್ಚಿಯಲ್ಲಿ ಕೂತಿದ್ದವರು ಸೈಯದ್ ಅಬ್ದುಲ್ ರಹೀಮ್.

‘ಮೈದಾನ್’ ಚಿತ್ರ ನೋಡಿದವರಿಗೆ ರಹೀಮ್ ಸಾಹೇಬರು ಸಿಗರೇಟು ಸೇದುತ್ತ ಜಕಾರ್ತಾದಲ್ಲಿ ಚಿನ್ನ ಗೆಲ್ಲಿಸಿದ ಕೋಚ್. 1951ರ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ, 1962ರಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಮತ್ತೆ ಚಿನ್ನ, ಮರುವರ್ಷವೇ ಕ್ಯಾನ್ಸರಿನಿಂದ ಸಾವು. ಇದು ಎಲ್ಲರಿಗೂ ಗೊತ್ತಿರುವ ಭಾಗ. ಸಿನಿಮಾಕ್ಕೆ ಬೇಡವಾದ ಭಾಗ ಕಚೇರಿಯದು. 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ರಹೀಮ್ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೂ ನಗರದ ಕ್ಲಬ್ಬಿನಲ್ಲೂ ಒಳ್ಳೆಯ ಆಟಗಾರರೆನಿಸಿದ್ದರು. ಹೊಟ್ಟೆಪಾಡಿಗೆ ಶಾಲಾ ಮಾಸ್ತರಿಕೆ. ಪಾಠ ಹೇಳಿದ ಶಾಲೆಗಳಲ್ಲಿ ಕಾಚಿಗುಡದ್ದೂ ಒಂದು. ಕಾಚಿಗುಡ ಎಂದರೆ ಇಲ್ಲಿನ ಕನ್ನಡಿಗರಿಗೆ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ. ಅದೇ ಬೀದಿಗಳಲ್ಲಿ ಭಾರತದ ಮಹಾ ಕೋಚ್ ಹಾಜರಿ ಪುಸ್ತಕ ಹಿಡಿದು ಓಡಾಡಿದ್ದರು. 1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಅಧ್ಯಕ್ಷರು ಎಸ್.ಎಂ. ಹಾದಿ, ರಣಜಿ ಟ್ರೋಫಿಯಲ್ಲಿ ಮೊತ್ತಮೊದಲ ಶತಕ ಹೊಡೆದವರು, 1924ರ ಒಲಿಂಪಿಕ್ಸಿನಲ್ಲಿ ಟೆನಿಸ್ ಆಡಿದವರು. ಅಂದರೆ ಆಡಳಿತ ಮಂಡಳಿಯ ಮೇಲಿನ ಎರಡೂ ಕುರ್ಚಿಗಳಲ್ಲಿ ಕೂತವರು ಆಟಗಾರರೇ. ಕ್ರೈಫ್ ಕೇಳಿದ್ದೂ ಇದನ್ನೇ.

ಕಾರ್ಯದರ್ಶಿಯಾಗಿ ರಹೀಮ್ ಮಾಡಿದ್ದರಲ್ಲಿ ನನಗೆ ಅತಿ ಜಾಣತನದ್ದಾಗಿ ಕಾಣುವುದು ಹುಡುಗರಿಗಾಗಿ ನಡೆಸಿದ ಪಂದ್ಯಾವಳಿಗಳು. ಒಂದರಲ್ಲಿ ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಒಬ್ಬೊಬ್ಬರೇ ನುಗ್ಗುವಂತಿರಲಿಲ್ಲ, ಬಂದ ಚೆಂಡನ್ನು ಜೊತೆಗಾರನಿಗೆ ದಾಟಿಸಲೇಬೇಕು. ಇನ್ನೊಂದರಲ್ಲಿ ಬಲಗಾಲಿನವರು ಎಡಗಾಲಿನಿಂದಷ್ಟೇ ಒದೆಯಬೇಕು. ಕೋಚ್ ಒಬ್ಬ ತನ್ನ ಹನ್ನೊಂದು ಜನರಿಗೆ ಇದನ್ನು ಕಲಿಸಬಲ್ಲ. ಇಡೀ ಊರಿಗೆ ಕಲಿಸಬೇಕಾದರೆ ಪಂದ್ಯಾವಳಿಯ ನಿಯಮಾವಳಿ ಬರೆಯುವ ಅಧಿಕಾರ ಬೇಕು, ಆ ಅಧಿಕಾರ ಇರುವುದು ಕಚೇರಿಯಲ್ಲಿ. ಆಟ ಬಲ್ಲವನು ಕಾಗದ ಬರೆಯುವ ಕುರ್ಚಿಯಲ್ಲಿ ಕೂತರೆ ಏನು ಲಾಭ ಎಂದು ಕೇಳಿದವರಿಗೆ ನಾನು ಆಮ್‌ಸ್ಟರ್‌ಡ್ಯಾಮಿಗಿಂತ ಮೊದಲು ತೋರಿಸುವುದು ಈ ಎಡಗಾಲಿನ ಪಂದ್ಯಾವಳಿಯನ್ನು.

1950ರಿಂದ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್ ಕೂಡ. ಅದಾಗಲೇ 1943ರಲ್ಲಿ ಬೆಂಗಳೂರಿನ ಆಶ್ ಗೋಲ್ಡ್ ಕಪ್ ಗೆದ್ದು ಹೆಸರು ಮಾಡಿದ್ದ ತಂಡ ಅದು. 1950ರಿಂದ 54ರವರೆಗೆ ಬೊಂಬಾಯಿಯ ರೋವರ್ಸ್ ಕಪ್ಪನ್ನು ಸತತ ಐದು ಸಲ ಎತ್ತಿಕೊಂಡು ಬಂತು. ಡುರಾಂಡ್ ಕಪ್ ನಾಲ್ಕು ಸಲ. ಮೆಲ್ಬರ್ನಿಗೆ ಹೋದ ಭಾರತ ತಂಡದಲ್ಲಿ ಹೈದರಾಬಾದಿಗಳದೇ ಒಂದು ದಂಡು ಇತ್ತು.

ಕಾರ್ಯದರ್ಶಿ, ಪೊಲೀಸ್ ತಂಡದ ಕೋಚ್, ದೇಶದ ಕೋಚ್. ಮೂರೂ ಟೋಪಿ ಒಂದೇ ತಲೆಗೆ. ಇಂದಾದರೆ ಹಿತಾಸಕ್ತಿಯ ಘರ್ಷಣೆ ಎಂದು ಒಂದು ಸಮಿತಿಯೇ ಕೂರುತ್ತಿತ್ತು. ರಹೀಮರಿಗೆ ಅದರ ಅರಿವಿತ್ತೇನೋ. ಅವರ ಮಗ ಎಸ್.ಎ. ಹಕೀಮ್ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು, ಒಂದು ಪಂದ್ಯವೂ ಆಡಲು ಸಿಗಲಿಲ್ಲ. ಎರಡು ವರ್ಷದ ಮೇಲೆ ಜಕಾರ್ತಾದ ಚಿನ್ನದ ತಂಡದಲ್ಲೂ ಅವರಿರಲಿಲ್ಲ. ಮುಂದೆ ವಾಯುಪಡೆಯ ಸ್ಕ್ವಾಡ್ರನ್ ಲೀಡರ್, ಫಿಫಾ ರೆಫರಿ ಎಲ್ಲ ಆದ ಹಕೀಮ್ ಸಾಹೇಬರು 2021ರ ಆಗಸ್ಟಿನಲ್ಲಿ ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ. ಊರಿನ ಪತ್ರಿಕೆಗಳ ಒಳಪುಟದಲ್ಲಿ ಸಣ್ಣ ಸುದ್ದಿ.

ನನ್ನ ಸೋದರಮಾವ ಕಲಬುರಗಿಯಿಂದ ಓದಲು ಬಂದು ಹೈದರಾಬಾದಿನಲ್ಲೇ ನೆಲೆಸಿದವರು, ಅಬಿಡ್ಸ್‌ನ ಹೆಡ್ ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿದವರು. ಹುಡುಗನಾಗಿದ್ದಾಗ ಪೊಲೀಸ್ ತಂಡದ ಆಟ ನೋಡಿದ್ದ ಅವರಿಗೆ ಈಗ ಎಂಬತ್ತು ದಾಟಿದೆ. ಆ ತಂಡ ಏಕೆ ಅಷ್ಟು ಗೆಲ್ಲುತ್ತಿತ್ತು ಎಂದು ಒಮ್ಮೆ ಕೇಳಿದೆ. ರಹೀಮರ ತಂತ್ರ, ಪಾಸಿಂಗ್, ಏನೋ ಹೇಳುತ್ತಾರೆ ಎಂದುಕೊಂಡಿದ್ದೆ.

“ಪೊಲೀಸ್ ಇಲಾಖೆ ಅಲ್ಲೇನಪಾ ಅದು? ಒಂದನೇ ತಾರೀಖಿಗೆ ಪಗಾರ ಬೀಳ್ತಿತ್ತು. ಕಾಲು ಮುರದ್ರೂ ಬೀಳ್ತಿತ್ತು,” ಅಂದರು.

ಅಂಚೆ ಇಲಾಖೆಯ ಮನುಷ್ಯ, ಪಗಾರದ ಮೇಲೇ ಕಣ್ಣು ಎಂದು ಆಗ ನಕ್ಕಿದ್ದೆ. ಈಗ ಅನಿಸುತ್ತದೆ, ಫುಟ್‌ಬಾಲ್ ಆಡಳಿತದ ಬಗ್ಗೆ ನಾನು ಓದಿದ್ದರಲ್ಲೆಲ್ಲ ಅಷ್ಟು ನೇರವಾದ ಮಾತು ಸಿಕ್ಕಿಲ್ಲ. ರಹೀಮರ ಜಾಣತನದ ಕೆಳಗೆ ಇಲಾಖೆಯ ಖಜಾನೆ ಇತ್ತು. ಆಟಗಾರ ಮೊದಲು ಕಾನ್ಸ್‌ಟೇಬಲ್, ಆಮೇಲೆ ಫುಲ್‌ಬ್ಯಾಕ್. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ತಂಡಗಳು ನಿಂತದ್ದೂ ಇದೇ ನೆಲೆಗಟ್ಟಿನ ಮೇಲೆ.

ಆ ನೆಲೆಗಟ್ಟು ಸಾಲದ ಕಡೆ ಆಟಗಾರರು ವಲಸೆ ಹೋದರು. ತುಳಸೀದಾಸ್ ಬಲರಾಮ್, ಸೈಯದ್ ನಯೀಮುದ್ದೀನ್, ಮೊಹಮ್ಮದ್ ಹಬೀಬ್, ಶಬ್ಬೀರ್ ಅಲಿ, ಎಲ್ಲರೂ ಈ ಅವಳಿ ನಗರದ ಹುಡುಗರು, ಎಲ್ಲರೂ ಮೆರೆದದ್ದು ಕಲ್ಕತ್ತಾದಲ್ಲಿ. 1977ರಲ್ಲಿ ಪೆಲೆ ಇದ್ದ ಕಾಸ್ಮಾಸ್ ತಂಡದ ಎದುರು ಮೋಹನ್ ಬಾಗಾನ್ 2–2 ಡ್ರಾ ಮಾಡಿಕೊಂಡಾಗ ಒಂದು ಗೋಲು ಹಬೀಬರದು. ಕೆಲವರು ಕೋಚ್ ಆದರು. ಬಲರಾಮ್ ಬಂಗಾಳದಲ್ಲೇ ಉಳಿದು 2023ರಲ್ಲಿ ಅಲ್ಲೇ ತೀರಿಕೊಂಡರು. ಇವರಲ್ಲಿ ಯಾರ ಕೈಗೂ ದೊಡ್ಡ ಕ್ಲಬ್ಬೊಂದರ ಉಗ್ರಾಣದ ಕೀಲಿ ಬರಲಿಲ್ಲ. ಕಲ್ಕತ್ತಾ ಕ್ಲಬ್ಬುಗಳಲ್ಲಿ ಆ ಕೀಲಿ ಚುನಾವಣೆಯಲ್ಲಿ ಗೆದ್ದ ಬಾಬುಗಳದು. ಆಟಗಾರನಿಗೆ ಹಾರ, ಶಾಲು.

ಹೆಸರು ಇದ್ದರೆ ಸಾಕು, ಮತ ತಾನೇ ಬರುತ್ತದೆ ಎನ್ನುವ ಭ್ರಮೆಗೆ 2022ರ ಸೆಪ್ಟೆಂಬರ್ 2ರಂದು ಪೆಟ್ಟು ಬಿತ್ತು. ಫೆಡರೇಷನ್ ಅಧ್ಯಕ್ಷ ಸ್ಥಾನಕ್ಕೆ ಭಾರತದ ಅತಿ ದೊಡ್ಡ ತಾರೆಗಳಲ್ಲಿ ಒಬ್ಬರಾದ ಬೈಚುಂಗ್ ಭುಟಿಯಾ ನಿಂತಿದ್ದರು. ಕಲ್ಯಾಣ್ ಚೌಬೆಗೆ 33 ಮತ, ಭುಟಿಯಾಗೆ ಒಂದು. ಗೆದ್ದವರೂ ಆಟಗಾರರೇ, ಫೆಡರೇಷನ್ನಿನ 85 ವರ್ಷದಲ್ಲಿ ಆ ಸ್ಥಾನಕ್ಕೇರಿದ ಮೊದಲ ಆಟಗಾರ. ಆದರೆ ಅವರು ರಾಜಕೀಯ ಪಕ್ಷದ ಮನುಷ್ಯ ಕೂಡ. ಯಾವ ಅರ್ಹತೆಗೆ ಎಷ್ಟು ಮತ ಬಿತ್ತು ಎಂದು ಓದುಗರೇ ಹಂಚಿಕೊಳ್ಳಲಿ. ಭುಟಿಯಾ ಅದಕ್ಕೂ ಮೊದಲು ತಮ್ಮ ರಾಜ್ಯದಲ್ಲಿ ಯುನೈಟೆಡ್ ಸಿಕ್ಕಿಂ ಎಂಬ ಕ್ಲಬ್ ಕಟ್ಟಿದ್ದರು. 2012ರಲ್ಲಿ ಐ-ಲೀಗಿಗೆ ಏರಿತು, ಹಣದ ಮುಗ್ಗಟ್ಟಿಗೆ ಸಿಕ್ಕಿತು, ಒಂದೇ ಋತುವಿನಲ್ಲಿ ಕೆಳಗಿಳಿಯಿತು. ಕ್ರಿಕೆಟಿನಲ್ಲಿ ನಮಗೆ ಇದಕ್ಕಿಂತ ಒಳ್ಳೆಯ ನೆನಪಿದೆ: 2010ರ ನವೆಂಬರಿನಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ ಅನಿಲ್ ಕುಂಬ್ಳೆ ಅಧ್ಯಕ್ಷ, ಜಾವಗಲ್ ಶ್ರೀನಾಥ್ ಕಾರ್ಯದರ್ಶಿ. ಆದರೆ ಅಲ್ಲಿ ಗಲ್ಲಾ ಮೊದಲೇ ತುಂಬಿತ್ತು. ಅದನ್ನು ಹೇಗೆ ಖರ್ಚು ಮಾಡಬೇಕೆಂಬುದಷ್ಟೇ ಪ್ರಶ್ನೆ. ಫುಟ್‌ಬಾಲಿನಲ್ಲಿ ಖಾಲಿ ಗಲ್ಲಾದಿಂದಲೇ ದಿನ ಶುರು.

ಹೈದರಾಬಾದ್ ಎಫ್‌ಸಿ ಹುಟ್ಟಿದ್ದು 2019ರ ಆಗಸ್ಟಿನಲ್ಲಿ, ಪುಣೆಯ ಕ್ಲಬ್ ಖಾಲಿ ಮಾಡಿದ ಜಾಗಕ್ಕೆ. ತಾರೆಯ ಮುಖ ಅದಕ್ಕೂ ಬೇಕಾಗಿತ್ತು. ಫುಟ್‌ಬಾಲ್ ತಾರೆ ಅಲ್ಲ, ಸಿನಿಮಾದವರು: ‘ಬಾಹುಬಲಿ’ಯ ಬಲ್ಲಾಳದೇವ ರಾಣಾ ದಗ್ಗುಬಾಟಿ ಸಹ-ಮಾಲೀಕರಾದರು. ಮೊದಲ ವರ್ಷ ಕೊನೆಯ ಸ್ಥಾನ. ಸ್ಪೇನಿನ ಮನೋಲೊ ಮಾರ್ಕೆಜ್ ಕೋಚ್ ಆಗಿ ಬಂದ ಮೇಲೆ ತಂಡ ತಿರುಗಿ ನಿಂತಿತು. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್, ಎದುರಿಗೆ ಕೇರಳ ಬ್ಲಾಸ್ಟರ್ಸ್, 1–1. ಪೆನಾಲ್ಟಿಯಲ್ಲಿ ಮೂರು ಹೊಡೆತ ತಡೆದು 3–1ರಿಂದ ಗೆಲ್ಲಿಸಿದವರು ಲಕ್ಷ್ಮೀಕಾಂತ್ ಕಟ್ಟಿಮನಿ. ಹೆಸರು ಕೇಳಿದೊಡನೆ ನಮ್ಮ ಬಾಗಲಕೋಟೆಯೋ ವಿಜಯಪುರವೋ ಎಂದು ಕಿವಿ ನಿಮಿರುತ್ತದೆ. ಆಡಿ ಬೆಳೆದದ್ದು ಗೋವಾದಲ್ಲಿ. ಮತ್ತೆ ಗೋಲ್‌ಕೀಪರ್, ಹೌದು.

ಆ ಗೆಲುವಿನಲ್ಲೊಂದು ವಿಚಿತ್ರವಿತ್ತು. ಕೋವಿಡ್ ಕಾರಣ ಆ ಋತುವಿನ ಅಷ್ಟೂ ಪಂದ್ಯಗಳು ಗೋವಾದಲ್ಲೇ ನಡೆದವು. ಹೈದರಾಬಾದ್ ಚಾಂಪಿಯನ್ ಆದ ವರ್ಷ ಹೈದರಾಬಾದಿನಲ್ಲಿ ಒಂದೂ ಪಂದ್ಯ ಆಡಿರಲಿಲ್ಲ. ಟಿಕೆಟ್ ಕೌಂಟರ್ ತೆರೆಯದ ವರ್ಷವೇ ಕಪ್ ಬಂತು.

ಮುಂದಿನದು ಪಗಾರದ ಕಥೆ. ಆಟಗಾರರ ಬಾಕಿ ಬೆಳೆಯಿತು, ಫಿಫಾ ಹೊಸ ಆಟಗಾರರನ್ನು ತೆಗೆದುಕೊಳ್ಳದಂತೆ ನಿಷೇಧ ಹೇರಿತು. 2023–24ರ ಋತುವಿನಲ್ಲಿ ಒಬ್ಬೊಬ್ಬರೇ ಗಂಟುಮೂಟೆ ಕಟ್ಟಿದರು. ಕೊನೆಗೆ ಉಳಿದ ವಿದೇಶಿ ಆಟಗಾರ ಬ್ರೆಜಿಲಿನ ಜೋವೊ ವಿಕ್ಟರ್ ಒಬ್ಬರೇ, ಅವರ ಸುತ್ತ ಎಳೆಯ ಹುಡುಗರು. ಎರಡು ವರ್ಷದ ಹಿಂದಿನ ಚಾಂಪಿಯನ್ ಪಟ್ಟಿಯ ತಳಕ್ಕೆ ಬಿತ್ತು. 2024ರಲ್ಲಿ ಬಿ.ಸಿ. ಜಿಂದಾಲ್ ಸಮೂಹ ಕ್ಲಬ್ಬನ್ನು ಕೊಂಡಿತು. 2025ರಲ್ಲಿ ಅದು ದೆಹಲಿಗೆ ಹೊರಟುಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂಬ ಹೊಸ ಹೆಸರು ಇಟ್ಟುಕೊಂಡಿತು. ಗಚ್ಚಿಬೌಲಿಯ ಬಾಲಯೋಗಿ ಸ್ಟೇಡಿಯಂ ಅಲ್ಲೇ ಇದೆ.

ಈ ಕ್ಲಬ್ಬಿಗೆ ಶಬ್ಬೀರ್ ಅಲಿಯಂಥವರೊಬ್ಬರನ್ನು ಸಿಇಒ ಮಾಡಿದ್ದರೆ ಉಳಿಯುತ್ತಿತ್ತೇ ಎಂದು ಇಲ್ಲಿನ ಹಳಬರು ಚಹಾ ಕುಡಿಯುತ್ತ ವಾದಿಸುವುದುಂಟು. ಉಳಿಯುತ್ತಿರಲಿಲ್ಲ ಎಂದೇ ನನ್ನ ಎಣಿಕೆ. ಬ್ಯಾಂಕಿನವರು ಚೆಕ್ ವಾಪಸು ಕಳಿಸುವಾಗ ಕೆಳಗೆ ಸಹಿ ಹಾಕಿದವರು ಎಷ್ಟು ಗೋಲು ಹೊಡೆದಿದ್ದಾರೆ ಎಂದು ನೋಡುವುದಿಲ್ಲ. ಮಾಜಿ ತಾರೆಯೊಬ್ಬರು ಆಗ ಆ ಕುರ್ಚಿಯಲ್ಲಿದ್ದಿದ್ದರೆ ಆಗುತ್ತಿದ್ದ ಒಂದೇ ವ್ಯತ್ಯಾಸವೆಂದರೆ, ಡ್ರೆಸಿಂಗ್ ರೂಮಿಗೆ ಹೋಗಿ ಈ ತಿಂಗಳೂ ಹಣ ಬಂದಿಲ್ಲ ಎಂದು ಹುಡುಗರ ಮುಖ ನೋಡಿ ಹೇಳುವವರು ಅದೇ ಬೆಂಚಿನ ಮೇಲೆ ಒಂದು ಕಾಲಕ್ಕೆ ಕೂತವರಾಗಿರುತ್ತಿದ್ದರು. ಅದೂ ಸಣ್ಣ ವಿಷಯವಲ್ಲ. ನೂರಿಯ ಮನೆಯವರಿಗೆ ವಾನ್ ಡರ್ ಸಾರ್ ಹೇಳಿದ ಮಾತು ಬೇರೆ ಯಾರ ಬಾಯಿಂದಲಾದರೂ ಬಂದಿದ್ದರೆ ಅಷ್ಟೇ ತೂಗುತ್ತಿತ್ತೇ? ಆದರೆ ಅದರಿಂದ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ.

ಅಬಿಡ್ಸ್ ಎನ್ನುವುದು ಕೂಡ ಒಬ್ಬ ಮನುಷ್ಯನ ಹೆಸರು. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಪ್ತ ಸೇವಕನಾಗಿದ್ದ ಆಲ್ಬರ್ಟ್ ಅಬಿಡ್ ಇಲ್ಲೊಂದು ಅಂಗಡಿ ಇಟ್ಟಿದ್ದ. ಅಂಗಡಿ ಹೋಗಿ ಯಾವ ಕಾಲವೋ ಆಯಿತು. ಕಳೆದ ಸಲ ಬಂದಾಗ ಪುಸ್ತಕದ ಸಾಲು ಮುಗಿಸಿ ಫತೇ ಮೈದಾನದ ಕಡೆ ನಡೆದೆ. ಲಾಲ್ ಬಹದ್ದೂರ್ ಸ್ಟೇಡಿಯಂ ಎಂದು 1967ರಲ್ಲೇ ಹೆಸರು ಬದಲಾಗಿದ್ದರೂ ಹಳಬರ ಬಾಯಲ್ಲಿ ಇನ್ನೂ ಅದು ಫತೇ ಮೈದಾನವೇ. ಅಲ್ಲಿಂದ ಮಾವನಿಗೆ ಫೋನ್ ಮಾಡಿ, ಊರಿನ ಟೀಮು ದಿಲ್ಲಿಗೆ ಹೋಯಿತಂತೆ ಮಾಮಾ ಎಂದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

“ಹುಡುಗರ ಬಾಕಿ ಪಗಾರ ಕೊಟ್ಟು ಹೋದ್ರೇನ?”